ಎಷ್ಟನೇ ನಡೆಯಲ್ಲಿ ಸೋತದ್ದು?

ಕೆಲವು ವರ್ಷಗಳ ಹಿಂದೆ ಒಬ್ಬ ತರುಣ ಕಥೆಗಾರರ ಮೊದಲ ಸಂಕಲನಕ್ಕೆ ವಿಮರ್ಶೆ ಬರೆದಿದ್ದೆ. ಅದರಲ್ಲಿದ್ದ ದೊಡ್ಡ ಕಥೆಯನ್ನು ತಳ್ಳಿಹಾಕಲು ನನಗೆ ಎರಡು ವಾಕ್ಯ ಸಾಕಾಗಿತ್ತು. ‘ಹಿತ್ತಿಲಿನಿಂದ ಶುರುವಾದ ಈ ಕಥೆ ನಡುಮನೆಗೆ ಬರುವುದೇ ಇಲ್ಲ. ಬೆಲ್‌ಗ್ರೇಡಿನಲ್ಲಿ ಲಾರ್ಸನ್ ಬದಿಯ ಕಾಲಾಳು ನೂಕಿ ಸ್ಪಾಸ್ಕಿಯ ಎದುರು ಹದಿನೇಳೇ ನಡೆಗಳಲ್ಲಿ ಸೋತ ಹಾಗೆ, ಇದೂ ತನ್ನ ಮೊದಲ ಸಾಲಿನಲ್ಲೇ ಸೋತಿದೆ.’ ಬರೆದಾಗ ಆ ಹೋಲಿಕೆಯ ಬಗ್ಗೆ ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಚೆಸ್ ಬಲ್ಲ ವಿಮರ್ಶಕ ಅನ್ನಿಸಿಕೊಳ್ಳುವ ಆಸೆ ಯಾರಿಗಿಲ್ಲ?

ವಾರದ ಮೇಲೆ ಆ ಕಥೆಗಾರರು ಫೋನ್ ಮಾಡಿದರು. “ಸರ್, ಬೈದಿದ್ದಕ್ಕೆ ಬೇಜಾರಿಲ್ಲ. ಒಂದು ಮಾತು ಕೇಳ್ಲಾ? ಕಥೆ ಎಷ್ಟನೇ ಪುಟದಲ್ಲಿ ಕೆಟ್ಟಿತು?”

ನಾನು ‘ಒಟ್ಟಾರೆಯಾಗಿ ನೋಡಿದರೆ’ ಎಂದು ಏನೋ ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಆಯ್ತು ಸರ್” ಎಂದು ಫೋನಿಟ್ಟರು. ನನ್ನ ಬಳಿ ಉತ್ತರವಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಾಗಿತ್ತು.

ಆ ಪ್ರಶ್ನೆ ನನ್ನನ್ನು ಮೊದಲು ಕಥೆಗೆ ವಾಪಸ್ ಕರೆದೊಯ್ಯಲಿಲ್ಲ, ಆಟಕ್ಕೆ ಕರೆದೊಯ್ದಿತು. ಇನ್ನೊಬ್ಬರ ಬರಹದ ತಲೆಗೆ ಹೊಡೆಯಲು ಬಳಸಿದ ಆ ಆಟವನ್ನಾದರೂ ನಾನು ಸರಿಯಾಗಿ ಓದಿದ್ದೆನೆ? ಲಾರ್ಸನ್ ಎಷ್ಟನೇ ನಡೆಯಲ್ಲಿ ಸೋತ?

ಈ ಆಟ ನನಗೆ ಸಿಕ್ಕಿದ್ದು ಪೋಸ್ಟ್ ಆಫೀಸಿನಲ್ಲಿದ್ದ ನನ್ನ ಸೋದರಮಾವನ ನೋಟ್‌ಬುಕ್ಕಿನಲ್ಲಿ. ಇಂಗ್ಲಿಷ್ ಪುಸ್ತಕಗಳಿಂದ ಆಟಗಳನ್ನು ಆತ ಹಳೆಯ ಪದ್ಧತಿಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದ. ಇಂದು ಬಿ3 ಎಂದು ಬರೆಯುವ ನಡೆ ಅಲ್ಲಿ ಪಿ-ಕ್ಯೂಎನ್3 ಎಂದಿತ್ತು. ಪುಟದ ಅಡಿಯಲ್ಲಿ ಕೆಂಪು ಶಾಯಿಯಲ್ಲಿ ಒಂದು ನೀತಿ: ‘ನಡುವನ್ನು ಬಿಟ್ಟವನು ಕೆಟ್ಟ.’ ಚಿಕ್ಕವಯಸ್ಸಿನಲ್ಲಿ ಓದಿದ ನೀತಿ ಹಾಗೇ ಉಳಿದುಬಿಡುತ್ತದೆ. ನನ್ನ ವಿಮರ್ಶೆಯ ಆ ಎರಡು ವಾಕ್ಯಗಳ ಹಿಂದೆ ಇದ್ದದ್ದು ಈ ಕೆಂಪು ಶಾಯಿಯೇ.

ಆಟ ನಡೆದದ್ದು 1970ರ ಮಾರ್ಚ್ ಕೊನೆಯಲ್ಲಿ, ಆಗಿನ ಯುಗೋಸ್ಲಾವಿಯದ ಬೆಲ್‌ಗ್ರೇಡಿನಲ್ಲಿ. ಒಂದು ಕಡೆ ಸೋವಿಯತ್ ಒಕ್ಕೂಟ, ಇನ್ನೊಂದು ಕಡೆ ಉಳಿದ ಇಡೀ ಜಗತ್ತು. ಹತ್ತು ಬೋರ್ಡು, ನಾಲ್ಕು ಸುತ್ತು, ಒಟ್ಟು ನಲವತ್ತು ಆಟ. ಸೋವಿಯತ್ ತಂಡದ ಮೊದಲ ಬೋರ್ಡಿನಲ್ಲಿ ಹಿಂದಿನ ವರ್ಷವಷ್ಟೇ ವಿಶ್ವ ಚಾಂಪಿಯನ್ ಆಗಿದ್ದ ಬೋರಿಸ್ ಸ್ಪಾಸ್ಕಿ. ಜಗತ್ತಿನ ತಂಡದ ಮೊದಲ ಬೋರ್ಡಿಗೆ ಬಾಬಿ ಫಿಶರ್ ಕೂರುತ್ತಾನೆ ಎಂದು ಎಲ್ಲರೂ ಎಣಿಸಿದ್ದರು. ಡೆನ್ಮಾರ್ಕಿನ ಬೆಂಟ್ ಲಾರ್ಸನ್ ಒಪ್ಪಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಟೂರ್ನಿಗಳನ್ನು ಗೆದ್ದಿರುವವನು ನಾನು, ಫಿಶರ್ ಆಡುವುದನ್ನೇ ಬಿಟ್ಟು ಕೂತಿದ್ದಾನೆ ಎಂಬುದು ಅವನ ವಾದ. ಯಾರೂ ನಿರೀಕ್ಷಿಸದ ರೀತಿಯಲ್ಲಿ ಫಿಶರ್ ಎರಡನೇ ಬೋರ್ಡಿಗೆ ಒಪ್ಪಿಕೊಂಡ. ಹೀಗೆ ಹಟ ಹಿಡಿದು ಮೊದಲ ಕುರ್ಚಿ ಪಡೆದವನು ಎರಡನೇ ಸುತ್ತಿನಲ್ಲಿ ಬಿಳಿ ಕಾಯಿ ಹಿಡಿದು ಹದಿನೇಳು ನಡೆಗಳಲ್ಲಿ ಸೋತ. ಅಹಂಕಾರಕ್ಕೆ ಶಿಕ್ಷೆ ಎಂಬ ಕಥೆ ಹುಟ್ಟಲು ಇನ್ನೇನು ಬೇಕು? ಆಮೇಲೆ ಬಂದ ಆಯ್ದ ಕಿರುಆಟಗಳ ಸಂಗ್ರಹಗಳಲ್ಲೆಲ್ಲ ಈ ಆಟಕ್ಕೆ ಜಾಗ ಸಿಕ್ಕಿತು.

ಚೆಸ್ ಆಡದ ಓದುಗರಿಗಾಗಿ ಇಲ್ಲಿ ಒಂದೆರಡು ಮಾತು. ಬೋರ್ಡಿನ ಎಂಟು ಕಂಬಸಾಲುಗಳಿಗೆ ಎ ಇಂದ ಎಚ್‌ವರೆಗೆ ಹೆಸರು, ಅಡ್ಡಸಾಲುಗಳಿಗೆ 1ರಿಂದ 8ರವರೆಗೆ ಅಂಕಿ. ನಟ್ಟನಡುವಿನ ಡಿ ಮತ್ತು ಇ ಸಾಲುಗಳ ಕಾಲಾಳುಗಳನ್ನು ಮುಂದೂಡಿ ನಡುವಿನ ಮನೆಗಳನ್ನು ಹಿಡಿಯುವುದು ಎಲ್ಲರಿಗೂ ಮೊದಲು ಕಲಿಸುವ ಪಾಠ. ಬದಿಯ ಆರಂಭ ಎಂದರೆ ಆ ಪಾಠವನ್ನು ಬೇಕೆಂದೇ ಮುಂದೂಡುವುದು. ನಡುವನ್ನು ಎದುರಾಳಿಗೆ ಬಿಟ್ಟು, ಬದಿಯಿಂದ ಒಂಟೆ, ಕುದುರೆಗಳಲ್ಲಿ ಅದರ ಮೇಲೆ ಕಣ್ಣಿಟ್ಟು, ಆಮೇಲೆ ಅದನ್ನು ಕೆಡವುವುದು. ಇದು ಹುಚ್ಚಾಟವಲ್ಲ. 1920ರ ದಶಕದಲ್ಲಿ ನಿಮ್ಜೊವಿಚ್, ರೇಟಿ ಮೊದಲಾದವರು ಇದನ್ನೊಂದು ಚಿಂತನೆಯಾಗಿ ಬೆಳೆಸಿದರು. ಎಂಟು ವರ್ಷ ಸೋಲನ್ನೇ ಕಾಣದಿದ್ದ ಚಾಂಪಿಯನ್ ಕಾಪಾಬ್ಲಾಂಕನನ್ನು 1924ರಲ್ಲಿ ನ್ಯೂಯಾರ್ಕಿನಲ್ಲಿ ರೇಟಿ ಸೋಲಿಸಿದ್ದು ಇಂಥ ಆರಂಭದಿಂದಲೇ. ಬಿ ಸಾಲಿನ ಕಾಲಾಳನ್ನು ಒಂದೇ ಮನೆ ಮುಂದಿಡುವ ಮೊದಲ ನಡೆಗೆ ಇಂದೂ ನಿಮ್ಜೊವಿಚ್ ಮತ್ತು ಲಾರ್ಸನ್ ಇಬ್ಬರ ಹೆಸರೂ ಅಂಟಿಕೊಂಡಿದೆ.

ಈಗ ಆಟ. ಲಾರ್ಸನ್ ಬಿ3 ಆಡಿದ. ಸ್ಪಾಸ್ಕಿ ಕೊಟ್ಟ ಜಾಗವನ್ನು ತೆಗೆದುಕೊಂಡು ಕಾಲಾಳನ್ನು ಇ5ಕ್ಕೆ ಇಟ್ಟ. ಬಿಳಿಯ ಒಂಟೆ ಬಿ2ಕ್ಕೆ ಬಂದು ಉದ್ದನೆಯ ಓರೆಗೆರೆಯ ಮೇಲೆ ಕೂತಿತು. ಕಪ್ಪು ಕುದುರೆ ಸಿ6ಕ್ಕೆ. ಬಿಳಿ ಸಿ4, ಕಪ್ಪಿನ ಇನ್ನೊಂದು ಕುದುರೆ ಎಫ್6ಕ್ಕೆ. ನಾಲ್ಕನೇ ನಡೆಯಲ್ಲಿ ಲಾರ್ಸನ್ ತನ್ನ ಕುದುರೆಯನ್ನು ಎಫ್3ಕ್ಕೆ ತಂದ. ಅದನ್ನು ಓಡಿಸಿಕೊಂಡು ಕಪ್ಪು ಕಾಲಾಳು ಇ4ಕ್ಕೆ ನುಗ್ಗಬಹುದು ಎಂಬುದು ಎಂಥವನಿಗೂ ಕಾಣುವಂಥದ್ದು. ಲಾರ್ಸನ್ ಕಾಣದೆ ಆಡಿದ್ದಲ್ಲ, ಅದು ಆಹ್ವಾನ. ಇ5ರ ಕಾಲಾಳು ಮುಂದೆ ಹೋದರೆ ಬಿ2ರ ಒಂಟೆಯ ದಾರಿ ತೆರೆಯುತ್ತದೆ. ಮುಂದೆ ಬಂದ ಕಾಲಾಳಿಗೆ ಏಟು ಕೊಡುವುದೂ ಸುಲಭ. ಕರೆದ ಅತಿಥಿ ಬಂದ ಮೇಲೆ ಏನು ಮಾಡುತ್ತೀಯ ಎಂಬುದರ ಮೇಲೆ ಇಡೀ ಆಟ ನಿಂತಿದೆ.

ಕಾಲಾಳು ಇ4ಕ್ಕೆ ಬಂತು. ಬಿಳಿ ಕುದುರೆ ಡಿ4ಕ್ಕೆ ಜಿಗಿಯಿತು, ಕಪ್ಪು ಒಂಟೆ ಸಿ5ಕ್ಕೆ ಬಂದು ಅದನ್ನು ಕೆಣಕಿತು. ಆರನೇ ನಡೆಯಲ್ಲಿ ಲಾರ್ಸನ್‌ನ ಕುದುರೆ ಸಿ6ರ ಕುದುರೆಯನ್ನು ಹೊಡೆದು ತಾನೂ ಸತ್ತಿತು. ಲೆಕ್ಕ ಹಾಕಿ. ಮೂರು ನಡೆ ನಡೆದ ಬಿಳಿ ಕುದುರೆ ಒಂದೇ ನಡೆ ನಡೆದಿದ್ದ ಕಪ್ಪು ಕುದುರೆಗೆ ಬದಲಾಗಿ ಬೋರ್ಡಿನಿಂದ ಇಳಿಯಿತು. ಸ್ಪಾಸ್ಕಿ ಡಿ ಸಾಲಿನ ಕಾಲಾಳಿನಿಂದ ತಿರುಗಿ ಹೊಡೆದಾಗ ಅವನ ಇನ್ನೊಂದು ಒಂಟೆಗೆ ಬಾಗಿಲೂ, ಆನೆಗೆ ಹೆದ್ದಾರಿಯೂ ತೆರೆದವು. ಬಿಳಿಯ ಕಾಯಿಗಳಲ್ಲಿ ಆಗ ಹೊರಗೆ ಬಂದು ನಿಂತಿದ್ದದ್ದು ಒಂದೇ ಒಂಟೆ.

ಇಷ್ಟಾದರೂ ಆಟ ಮುಗಿದಿರಲಿಲ್ಲ. ಏಳನೇ ನಡೆಯಲ್ಲಿ ಇ3, ಎಂಟನೆಯದರಲ್ಲಿ ಮಂತ್ರಿ ಸಿ2ಕ್ಕೆ. ಈ ಮಂತ್ರಿಯ ನಡೆ ನನಗೆ ಮುಖ್ಯ. ಅದು ಇ4ರ ಕಾಲಾಳಿನ ಮೇಲೆ ಕಣ್ಣಿಡುತ್ತದೆ. ತಾನು ಕರೆದ ಅತಿಥಿಯನ್ನು ಲಾರ್ಸನ್ ಇನ್ನೂ ಮರೆತಿಲ್ಲ ಎಂದರ್ಥ. ಒಂಬತ್ತನೆಯದರಲ್ಲಿ ಒಂಟೆ ಇ2ಕ್ಕೆ ಬಂತು. ಸ್ಪಾಸ್ಕಿ ತನ್ನ ರಾಜನನ್ನು ಮಂತ್ರಿಯ ಬದಿಗೆ ಕ್ಯಾಸಲಿಂಗ್ ಮಾಡಿದ. ಬಿ2ರ ಒಂಟೆ ಯಾವ ಮೂಲೆಯತ್ತ ಗುರಿಯಿಟ್ಟು ಕೂತಿತ್ತೋ ಆ ಮೂಲೆಯಲ್ಲಿ ಈಗ ರಾಜನೇ ಇಲ್ಲ.

ಬಿಳಿಗೆ ಹತ್ತನೇ ನಡೆ. ಬಿ1ರ ಕುದುರೆ ಇನ್ನೂ ಲಾಯದಲ್ಲೇ ಇದೆ. ಅದು ಸಿ3ಕ್ಕೆ ಬಂದರೆ ಮಂತ್ರಿಯ ಜೊತೆ ಸೇರಿ ಇ4ರ ಕಾಲಾಳನ್ನು ಒತ್ತುತ್ತದೆ. ಬದಿಯಿಂದ ಶುರು ಮಾಡಿದ ಮಾತಿನ ಮುಂದಿನ ವಾಕ್ಯ ಅದು. ಲಾರ್ಸನ್ ಅದನ್ನು ಆಡಲಿಲ್ಲ. ಕಾಲಾಳನ್ನು ಎಫ್4ಕ್ಕೆ ನೂಕಿದ.

ನನ್ನ ಓದಿನಲ್ಲಿ ಆಟ ಸೋತದ್ದು ಇಲ್ಲಿ. ಮೂರು ಕಾರಣ. ಒಂದು, ಎಫ್2ರ ಕಾಲಾಳು ಹೊರಟುಹೋದ ಮೇಲೆ ಎಚ್4ರಿಂದ ಇ1ರ ರಾಜನವರೆಗಿನ ಓರೆಗೆರೆ ಬಯಲಾಯಿತು. ಎರಡು, ಕಪ್ಪಿನ ಕಾಯಿಗಳೆಲ್ಲ ಹೊರಗೆ ಬಂದು ನಿಂತಿರುವಾಗ ಬಿಳಿ ಇನ್ನೊಂದು ಕಾಲಾಳಿನ ನಡೆಗೆ ಸಮಯ ಕೊಟ್ಟಿತು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಎಫ್ ಕಾಲಾಳು ಎಫ್3ರಲ್ಲಿ ನಿಂತು ಇ4ನ್ನು ಕೆಣಕಬಹುದಿತ್ತು, ಆ ಸಾಧ್ಯತೆ ಶಾಶ್ವತವಾಗಿ ಹೋಯಿತು. ಕೆಡವುತ್ತೇನೆಂದು ಕರೆದ ಅತಿಥಿಗೆ ಲಾರ್ಸನ್ ತಾನೇ ಕುರ್ಚಿ ಹಾಕಿಕೊಟ್ಟ. ಮೊದಲ ನಡೆ ಆಡಿದ ಮಾತನ್ನು ಹತ್ತನೇ ನಡೆ ಮುರಿಯಿತು.

ಮುಂದಿನದು ಬೆಂಕಿ ಹೊತ್ತಿಕೊಂಡ ಮೇಲಿನ ಕಥೆ. ಕಪ್ಪು ಕುದುರೆ ಜಿ4ಕ್ಕೆ ಹಾರಿತು. ಈಗ ಎಚ್4ರಲ್ಲಿ ಮಂತ್ರಿಯ ಚೆಕ್ ಬೆದರಿಕೆ. ಅದನ್ನು ತಡೆಯಲು ಲಾರ್ಸನ್ ಜಿ3 ಆಡಬೇಕಾಯಿತು. ಜಿ3ರಲ್ಲಿ ಕಾಲಾಳು ನಿಂತದ್ದೇ ತಡ, ಸ್ಪಾಸ್ಕಿ ತನ್ನ ಎಚ್ ಕಾಲಾಳನ್ನು ಎಚ್5ಕ್ಕೆ ಹೊರಡಿಸಿದ. ಲಾರ್ಸನ್ ಎಚ್3 ಆಡಿ ಕುದುರೆಗೆ ‘ಎದ್ದು ಹೋಗು’ ಎಂದ. ಸ್ಪಾಸ್ಕಿ ಕುದುರೆಯನ್ನು ಅಲ್ಲೇ ಸಾಯಲು ಬಿಟ್ಟು ಕಾಲಾಳನ್ನು ಎಚ್4ಕ್ಕೆ ಇಟ್ಟ. ಬಿಳಿ ಕುದುರೆಯನ್ನು ಹೊಡೆಯಿತು, ಕಪ್ಪು ಕಾಲಾಳು ಜಿ3ನ್ನು ಹೊಡೆಯಿತು. ಎಚ್ ಸಾಲು ತೆರೆದುಕೊಂಡದ್ದರಿಂದ ಬಿಳಿ ಆನೆ ಜಿ1ಕ್ಕೆ ಸರಿಯಿತು.

ಹದಿನಾಲ್ಕನೇ ನಡೆ. ಅಲ್ಲಿಯವರೆಗೂ ಎಚ್8ರ ತನ್ನ ಮನೆಯಿಂದ ಕದಲದೆ ಇದ್ದ ಸ್ಪಾಸ್ಕಿಯ ಆನೆ ಬೋರ್ಡಿನ ಇಡೀ ಉದ್ದ ದಾಟಿ ಎಚ್1ರಲ್ಲಿ ಬಂದು ನಿಂತಿತು. ಪುಕ್ಕಟೆ ಆನೆ. ಬಿಳಿ ಅದನ್ನು ಹೊಡೆಯದೆ ಗತಿಯಿಲ್ಲ. ಹೊಡೆಯಲು ಹೋದ ಆನೆ ಜಿ ಸಾಲನ್ನು ಬಿಟ್ಟ ಕೂಡಲೇ ಕಪ್ಪು ಕಾಲಾಳು ಜಿ2ಕ್ಕೆ ಇಳಿಯಿತು. ಲಾರ್ಸನ್ ಆನೆಯನ್ನು ಎಫ್1ಕ್ಕೆ ತಂದ, ಸ್ಪಾಸ್ಕಿಯ ಮಂತ್ರಿ ಎಚ್4ರಲ್ಲಿ ಚೆಕ್ ಕೊಟ್ಟಿತು, ಬಿಳಿ ರಾಜ ಡಿ1ಕ್ಕೆ ಸರಿದ. ಹದಿನೇಳನೇ ನಡೆಯಲ್ಲಿ ಕಾಲಾಳು ಎಫ್1ರ ಆನೆಯನ್ನು ಹೊಡೆದು ಮಂತ್ರಿಯಾಯಿತು. ಲಾರ್ಸನ್ ಸೋಲೊಪ್ಪಿಕೊಂಡ. ಆ ಮಂತ್ರಿಯನ್ನು ಒಂಟೆಯಿಂದ ಹೊಡೆದರೂ, ಜಿ4ರಲ್ಲಿ ಕಪ್ಪು ಒಂಟೆಯ ಚೆಕ್ಕಿನ ನಂತರ ಮಾತು ತಪ್ಪುವುದಿಲ್ಲ. ಬಿ1ರ ಕುದುರೆ, ಎ1ರ ಆನೆ ಕೊನೆಯವರೆಗೂ ಕದಲಲೇ ಇಲ್ಲ.

ಬೋರ್ಡಿನ ಮೇಲೆ ಕಾಯಿ ಜೋಡಿಸಿಕೊಂಡು ಇದನ್ನು ನಿಧಾನಕ್ಕೆ ಆಡಿ ನೋಡಿದಾಗ, ಮಾವನ ಕೆಂಪು ಶಾಯಿಯ ಜೊತೆ ಹೊಂದದ ಒಂದು ಸಂಗತಿ ಕಣ್ಣಿಗೆ ಬಿತ್ತು. ಮಂತ್ರಿಯಾದ ಆ ಕಾಲಾಳು ಯಾವುದು? ಎಚ್ ಸಾಲಿನದು. ಬೋರ್ಡಿನ ಕಟ್ಟಕಡೆಯ ಅಂಚಿನದು. ಎಚ್5, ಎಚ್4, ಜಿ3, ಜಿ2, ಎಫ್1: ಐದು ಹೆಜ್ಜೆಯಲ್ಲಿ ಅಂಚಿನಿಂದ ಹೊರಟು ಅದು ಆಟವನ್ನು ಮುಗಿಸಿತು. ಬದಿಯಿಂದ ಆಡಿದ್ದಕ್ಕೆ ಸಿಕ್ಕ ಶಿಕ್ಷೆ ಎಂದು ನಾವು ಹೇಳಿಕೊಂಡು ಬಂದ ಆಟವನ್ನು ಗೆದ್ದದ್ದೂ ಬದಿಯೇ. ಹಾಗೆಂದು ನಡುವಿಗೆ ಬೆಲೆಯಿಲ್ಲ ಎಂದಲ್ಲ. ಇ4ರ ಕಾಲಾಳು ಭದ್ರವಾಗಿ ಕೂತಿದ್ದರಿಂದಲೇ ಸ್ಪಾಸ್ಕಿಗೆ ಅಂಚಿನಲ್ಲಿ ಅಷ್ಟು ಖರ್ಚು ಮಾಡುವ ಧೈರ್ಯ ಬಂತು. ಆದರೆ ಆ ಕಾಲಾಳನ್ನು ಭದ್ರಪಡಿಸಿದ್ದು ಬಿ3 ಅಲ್ಲ, ಎಫ್4.

ಇದು ನನ್ನೊಬ್ಬನ ತರ್ಕವಷ್ಟೇ ಆಗಿದ್ದರೆ ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಅದೇ ಪಂದ್ಯದಲ್ಲಿ ಎರಡನೇ ಬೋರ್ಡಿನಲ್ಲಿ ಆಡುತ್ತಿದ್ದ ಫಿಶರ್, ಅದೇ ವರ್ಷ ಬ್ಯೂನಸ್ ಐರಿಸ್‌ನಲ್ಲಿ ತುಕ್ಮಾಕೋವ್ ಎದುರು ಬಿ3ರಿಂದಲೇ ಆಟ ತೆರೆದ. ಮೊದಲ ಮೂರು ನಡೆಗಳವರೆಗೆ ಎರಡೂ ಬದಿಯಲ್ಲಿ ಬೆಲ್‌ಗ್ರೇಡಿನ ಆಟವೇ ಮತ್ತೆ ಬಂತು. ನಾಲ್ಕನೆಯದರಲ್ಲಿ ಫಿಶರ್ ಕುದುರೆಯನ್ನು ತರಲಿಲ್ಲ, ಇ3 ಆಡಿ ಕಾದ. ಗೆದ್ದ. ಹದಿನೇಳು ನಡೆಗಳ ಸೋಲನ್ನು ನೋಡಿ ಜಗತ್ತು ‘ಮೊದಲ ನಡೆ ತಪ್ಪು’ ಎಂದಾಗ, ಫಿಶರ್ ಅದೇ ಸೋಲಿನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಿರಬೇಕು. ಅವನು ಆಡಿದ ನಾಲ್ಕನೇ ನಡೆಯನ್ನು ಲಾರ್ಸನ್‌ನ ಆಟಕ್ಕೆ ಬರೆದ ವಿಮರ್ಶೆ ಎಂದೇ ನಾನು ಓದುತ್ತೇನೆ. ನನ್ನ ಹತ್ತನೇ ನಡೆಯ ತೀರ್ಪಿಗಿಂತ ಅದು ಇನ್ನೂ ನಿಷ್ಠುರ: ಅತಿಥಿಯನ್ನು ಅಷ್ಟು ಬೇಗ ಕರೆಯುವ ಅಗತ್ಯವೇ ಇರಲಿಲ್ಲ ಎನ್ನುತ್ತದೆ. ಆದರೂ ಬಾಗಿಲನ್ನೇ ಕಿತ್ತೊಗೆ ಎಂದು ಅದು ಹೇಳುವುದಿಲ್ಲ.

ಇನ್ನೊಂದು ಸಂಗತಿ ಸಂಗ್ರಹಗಳಲ್ಲಿ ಸಿಗುವುದಿಲ್ಲ, ಏಕೆಂದರೆ ಸಂಗ್ರಹ ಹದಿನೇಳನೇ ನಡೆಗೆ ಪುಟ ಮುಚ್ಚುತ್ತದೆ. ಮುಂದಿನ ಸುತ್ತಿನಲ್ಲಿ ಕಪ್ಪು ಕಾಯಿ ಹಿಡಿದ ಲಾರ್ಸನ್ ಅದೇ ಸ್ಪಾಸ್ಕಿಯನ್ನು ಸೋಲಿಸಿದ. ಕೊನೆಯ ಸುತ್ತಿನಲ್ಲಿ ಸ್ಪಾಸ್ಕಿಯ ಜಾಗದಲ್ಲಿ ಕೂತ ಲಿಯೊನಿಡ್ ಸ್ಟೀನ್‌ನನ್ನೂ ಸೋಲಿಸಿದ. ನಾಲ್ಕು ಆಟಗಳಲ್ಲಿ ಎರಡೂವರೆ ಅಂಕ ಗಳಿಸಿ ಮೊದಲ ಬೋರ್ಡನ್ನು ಜಗತ್ತಿನ ತಂಡಕ್ಕೆ ಗೆದ್ದುಕೊಟ್ಟ. ಸೋವಿಯತ್ ತಂಡ ಒಟ್ಟು ಪಂದ್ಯವನ್ನು 20.5–19.5ರಲ್ಲಿ, ಒಂದೇ ಅಂಕದ ಅಂತರದಲ್ಲಿ ಗೆದ್ದಿತು. ನನಗೆ ಈ ಸಂಗತಿ ತಿಳಿದದ್ದು ಆ ಫೋನ್ ಬಂದ ಮೇಲೆ. ಇಷ್ಟು ವರ್ಷ ನಾನು ಲಾರ್ಸನ್ ಎಂಬ ಮನುಷ್ಯನನ್ನು ಒಂದೇ ಮಧ್ಯಾಹ್ನದಿಂದ ಅಳೆದಿದ್ದೆ. ಮೂರು ಇಂಟರ್‌ಜೋನಲ್ ಟೂರ್ನಿಗಳಲ್ಲಿ ಮೊದಲ ಸ್ಥಾನ ಪಡೆದವನು ನಮಗೆಲ್ಲ ನೆನಪಿರುವುದು ಎರಡು ಸೋಲುಗಳಿಂದ: ಈ ಹದಿನೇಳು ನಡೆ, ಮತ್ತು 1971ರಲ್ಲಿ ಡೆನ್ವರ್‌ನಲ್ಲಿ ಫಿಶರ್ ಎದುರು ಆರಕ್ಕೆ ಸೊನ್ನೆ.

ಕೊನೆಯಿಂದ ಹಿಂದಕ್ಕೆ ಓದುವುದು ನಮ್ಮ ವಿಮರ್ಶೆಗೆ ಅಂಟಿದ ಚಾಳಿ. ಕೃತಿ ಸೋತಿದೆ ಎಂದು ಅನ್ನಿಸಿದ ಕೂಡಲೇ ಅದರಲ್ಲಿ ಎದ್ದು ಕಾಣುವ ವಿಚಿತ್ರವನ್ನು ಹಿಡಿದು ಇದೇ ಕಾರಣ ಎಂದುಬಿಡುತ್ತೇವೆ. ಲಾರ್ಸನ್‌ನ ಆಟದಲ್ಲಿ ಎದ್ದು ಕಾಣುವುದು ಬಿ3. ಎಫ್4 ಯಾವ ಆಟದಲ್ಲಾದರೂ ಬರಬಹುದಾದ ಸಾದಾ ನಡೆ, ಅದರ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ಇದಕ್ಕೆ ಉಲ್ಟಾ ಚಾಳಿಯೂ ನಮ್ಮಲ್ಲಿದೆ. ‘ಅಂಚಿನ ದನಿ’ ಎಂದ ಮಾತ್ರಕ್ಕೆ ಗೌರವ ಸಲ್ಲಿಸಿ, ಆ ದನಿ ಮುಂದೆ ಏನು ಹೇಳಿತು, ಎಲ್ಲಿ ತೊದಲಿತು ಎಂದು ಕೇಳದೆ ಬಿಡುವುದು. ಎರಡೂ ಕಡೆಯವರು ಓದುವುದು ಮೊದಲ ನಡೆಯನ್ನಷ್ಟೇ. ಎಲ್ಲಿಂದ ಶುರು ಮಾಡಬೇಕು ಎಂಬುದು ಬರೆಯುವವನಿಗೆ ಬಿಟ್ಟದ್ದು. ಹಾಗೆ ಶುರು ಮಾಡಿದ್ದಕ್ಕೆ ಅವನು ಎಲ್ಲಿಯವರೆಗೆ ನಿಷ್ಠನಾಗಿದ್ದ, ಯಾವ ಪುಟದಲ್ಲಿ ಕೈಬಿಟ್ಟ ಎಂದು ತೋರಿಸುವುದು ವಿಮರ್ಶಕನ ಕೆಲಸ. ಅದನ್ನು ತೋರಿಸಲಾಗದವನು ಸೋತಿದೆ ಎಂದು ಹೇಳಬಾರದು.

ಆ ಕಥೆಯನ್ನು ಮತ್ತೆ ಓದಿದೆ. ದೊಡ್ಡ ಮನೆಯ ಯಜಮಾನ ಸಾಯುತ್ತಿರುವ ರಾತ್ರಿ. ಹೇಳುತ್ತಿರುವವಳು ಹಿತ್ತಿಲಲ್ಲಿ ಪಾತ್ರೆ ತೊಳೆಯುವ ಹೆಂಗಸು. ಆ ಮನೆಯ ಹೊಸಿಲು ಅವಳು ಎಂದೂ ದಾಟಿದವಳಲ್ಲ. ಒಳಗೆ ಏನಾಗುತ್ತಿದೆ ಎಂಬುದು ಹೊರಗೆ ಬರುವ ಲೋಟಗಳಿಂದ, ಮುಟ್ಟದೆ ವಾಪಸ್ ಬಂದ ಗಂಜಿಯಿಂದ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಹತ್ತು ಕಾಫಿ ಲೋಟದಿಂದ ಅವಳಿಗೆ ತಿಳಿಯುತ್ತದೆ. ಹತ್ತು ಪುಟ ಹಾಗೆ ಸಾಗುತ್ತದೆ, ಚೆನ್ನಾಗಿ ಸಾಗುತ್ತದೆ. ಹನ್ನೊಂದನೇ ಪುಟದಲ್ಲಿ ಇದ್ದಕ್ಕಿದ್ದಂತೆ ನಡುಮನೆಯಲ್ಲಿ ಮಕ್ಕಳು ಆಸ್ತಿಗಾಗಿ ಆಡುವ ಜಗಳ ಮಾತುಮಾತಾಗಿ ಬರುತ್ತದೆ. ಆ ಹೆಂಗಸಿಗೆ ಅದು ಕೇಳಿಸಿರಲು ಸಾಧ್ಯವೇ ಇಲ್ಲ. ಅಲ್ಲಿಂದ ಮುಂದೆ ಅವಳ ಕಣ್ಣು ಹೋಗಿ ಎಲ್ಲ ಕಥೆಗಳಲ್ಲಿರುವ ಕಣ್ಣು ಬರುತ್ತದೆ.

ಕಥೆ ನಡುಮನೆಗೆ ಬರುವುದೇ ಇಲ್ಲ ಎಂದು ನಾನು ಬರೆದಿದ್ದೆ. ಅದು ಕೆಟ್ಟದ್ದು ನಡುಮನೆಗೆ ಬಂದದ್ದರಿಂದ. ನನ್ನ ತೀರ್ಪು ಕಠಿಣವಾಗಿದ್ದದ್ದು ಮಾತ್ರವಲ್ಲ, ತಲೆಕೆಳಗಾಗಿಯೂ ಇತ್ತು.

ಮೊನ್ನೆ ಅವರ ನಂಬರು ಹುಡುಕಿ ಫೋನ್ ಮಾಡಿದೆ. ಹೆಸರು ಹೇಳಿ, “ಹನ್ನೊಂದನೇ ಪುಟ” ಎಂದೆ. ಅವರಿಗೆ ಕೂಡಲೇ ನೆನಪಾಯಿತು. ಅವಳಿಗೆ ಕೇಳಿಸದ ಮಾತು ಅಲ್ಲಿ ಹೇಗೆ ಬಂತು ಎಂದು ನಾನು ವಿವರಿಸುವಾಗ ಆ ಕಡೆಯಿಂದ ಏನೂ ಸದ್ದಿರಲಿಲ್ಲ. ಹಿಂದೆ ಬರೆದದ್ದು ತಪ್ಪಾಯಿತು ಎಂದೂ ಹೇಳಿದೆ.

ಸ್ವಲ್ಪ ಹೊತ್ತು ಬಿಟ್ಟು ಅವರು ಅಂದರು, “ಹೌದು ಸರ್. ಪುಸ್ತಕ ತೆಗೆದು ನೋಡ್ತೀನಿ.”